ತಾಳಕ್ಕೆ ಕೂರದ ಕಾರಣ

ಶೆಟ್ಟಿಹಳ್ಳಿ

ನಾನು ವಿದೇಶ ನೋಡಿದ್ದು ಕೋಲಾಟದ ದೆಸೆಯಿಂದ. ಹಾಗೆಂದ ಕೂಡಲೇ ನನ್ನನ್ನು ಜಾನಪದ ಕಲಾವಿದೆ ಎಂದುಕೊಳ್ಳಬೇಡಿ. ಮಂಡಿನೋವಿನವಳು, ನಾನು ಕುಣಿದರೆ ನೆಲವೇ ಡೊಂಕು. ಕುಣಿಗಲ್ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಇಪ್ಪತ್ತಾರು ವರ್ಷ ಸಮಾಜ ವಿಜ್ಞಾನ ಪಾಠ ಹೇಳಿ, ಮೊನ್ನೆ ಮೊನ್ನೆ ನಿವೃತ್ತಳಾಗಿ, ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಯಜಮಾನರ ಜೊತೆ ಇದ್ದೇನೆ. ಹೆಸರು ಸರ್ವಮಂಗಳ.

ನಮ್ಮ ಪಾಠದಲ್ಲಿ ಯುದ್ಧ ಬಂತೆಂದರೆ ಅದಕ್ಕೆ ಮೂರೇ ಭಾಗ: ಕಾರಣಗಳು, ಘಟನೆಗಳು, ಪರಿಣಾಮಗಳು. ಯಾವ ರಾಜ ಯಾವ ರಾಜನ ಮೇಲೆ ಏರಿಹೋದರೂ ಇಷ್ಟೇ. ಪರೀಕ್ಷೆಯಲ್ಲಿ ಬರುವುದು ಕಾರಣಗಳು, ಅದಕ್ಕೆ ನಾಲ್ಕು ಮಾರ್ಕು. ನಮ್ಮ ಮಕ್ಕಳಿಗೆ ಮೊದಲನೇ ಮಹಾಯುದ್ಧದ ಕಾರಣ ಬಾಯಿಪಾಠ ಮಾಡಿಸುವುದೆಂದರೆ ಎಮ್ಮೆಗೆ ಸಂಗೀತ ಹೇಳಿದ ಹಾಗೆ. ಒಂದು ವರ್ಷ ಬೇಸತ್ತು, ಶಾಲೆಯ ಬೀರುವಿನಲ್ಲಿದ್ದ ಕೋಲುಗಳನ್ನು ತೆಗೆದು ಕೈಗೆ ಕೊಟ್ಟೆ. ಕಾರಣಗಳನ್ನು ತಾಳಕ್ಕೆ ಕೂರಿಸಿದೆ. ‘ಗುಟ್ಟಿನ ಒಪ್ಪಂದ ಒಂದು, ಕೋಲೆ, ನೆಲದ ಆಸೆ ಎರಡು, ಕೋಲೆ, ಮದ್ದುಗುಂಡಿನ ಪೈಪೋಟಿ ಮೂರು, ಕೋಲೆ, ನಮ್ಮದೇ ಮೇಲೆಂಬ ಜಂಭ ನಾಲ್ಕು, ಕೋಲೆ.’ ಮಕ್ಕಳು ಸುತ್ತು ಹಾಕುತ್ತಾ ಹಾಡಿದರು. ಆ ವರ್ಷದಿಂದ ನನ್ನ ವಿಷಯದಲ್ಲಿ ಫೇಲಾಗುವವರು ಕಡಿಮೆಯಾದರು.

ಐದನೆಯದೊಂದಿತ್ತು, ತಕ್ಷಣದ ಕಾರಣ. ಯಾರೋ ರಾಜಕುಮಾರನನ್ನು ಯಾರೋ ಹುಡುಗ ಗುಂಡಿಟ್ಟು ಕೊಂದದ್ದು. ಎಷ್ಟು ತಿದ್ದಿದರೂ ಅದು ತಾಳಕ್ಕೆ ಕೂರಲಿಲ್ಲ, ಬಿಟ್ಟುಬಿಟ್ಟೆ. ಹೀಗಾಗಿ ನಮ್ಮ ಶಾಲೆಯ ಮಕ್ಕಳೆಲ್ಲ ನಾಲ್ಕು ಕಾರಣ ಸೊಗಸಾಗಿ ಬರೆದು ಐದನೆಯದನ್ನು ಮರೆಯುತ್ತಿದ್ದರು. ನೋಟ್ಸ್ ತಿದ್ದುವಾಗ ನಾನು ಕೆಂಪು ಇಂಕಿನಲ್ಲಿ ಬೈಯುತ್ತಿದ್ದೆ. ತಪ್ಪು ನನ್ನದು, ಬೈಗುಳ ಅವರಿಗೆ. ಮಧ್ಯೆ ಖಾಲಿ ಬಿಟ್ಟ ಗೆರೆಗಳಿದ್ದರೆ ಅದಕ್ಕೂ ಅಡ್ಡಡ್ಡ ಕೆಂಪು ಗೀಟು ಎಳೆಯುತ್ತಿದ್ದೆ, ಆಮೇಲೆ ಕದ್ದು ಏನೂ ತುಂಬಿಸಬಾರದೆಂದು.

ಕೊತ್ತಗೆರೆ ಕಡೆಯ ಶಿವನಂಜ ಎಂಬ ಹುಡುಗ ಹೀಗೆ ಕೋಲು ಹಿಡಿದು ಪಾಸಾದವನು. ಓದಿನಲ್ಲಿ ಮಂದ, ಓಟದಲ್ಲಿ ಚುರುಕು. ಎಸ್ಸೆಸ್ಸೆಲ್ಸಿಯಲ್ಲಿ ನನ್ನ ವಿಷಯದಲ್ಲಿ ಪಾಸಾಗಲು ಎಷ್ಟು ಬೇಕೋ ಅಷ್ಟೇ ಮಾರ್ಕು, ಒಂದೂ ಹೆಚ್ಚಿಲ್ಲ. ಮೈಸೂರುಪಾಕಿನ ಪೊಟ್ಟಣ ಹಿಡಿದು ಸ್ಟಾಫ್ ರೂಮಿಗೆ ಬಂದು, ಆ ನಾಲ್ಕು ಮಾರ್ಕಿನಿಂದಲೇ ಪಾಸಾದೆ ಎಂದು ನನ್ನ ಕಾಲಿಗೆ ಬಿದ್ದ. ಹತ್ತನೇ ಕ್ಲಾಸು ಪಾಸಾಗದೆ ಸೈನ್ಯದವರು ಸೇರಿಸಿಕೊಳ್ಳುವುದಿಲ್ಲ. ಅವನು ಪಾಸಾದ, ಸೇರಿದ. ನಾಲ್ಕನೇ ವರ್ಷ ಹಿಮದ ಕಡೆಯ ಯಾವುದೋ ಠಾಣೆಯಲ್ಲಿ, ಆಚೆಯಿಂದ ಬಂದ ಗುಂಡಿಗೆ ಹೋದ. ಪೆಟ್ಟಿಗೆ ಬಂತು, ಬಾವುಟ ಬಂತು, ಕುಣಿಗಲ್ಲಿನಿಂದ ಊರಿನವರೆಗೆ ಫ್ಲೆಕ್ಸ್ ಬಂತು. ಫ್ಲೆಕ್ಸಿನಲ್ಲಿ ಅವನ ಮುಖಕ್ಕಿಂತ ಶ್ರದ್ಧಾಂಜಲಿ ಕೋರುವವರ ಮುಖಗಳೇ ದೊಡ್ಡದಾಗಿದ್ದವು. ಆಗಲೇ ನನ್ನ ಎದೆಯಲ್ಲೊಂದು ಮುಳ್ಳು ಮುರಿದುಕೊಂಡಿತು. ಯಾರ ಹತ್ತಿರವೂ ಹೇಳಲಿಲ್ಲ.

ಸಿನಿಮಾದವಳು ಬಂದದ್ದು ಅದಾದ ಮೇಲೆ. ಎಲ್ಸ್ ಅಂತ ಬೆಲ್ಜಿಯಂ ದೇಶದವಳು, ಐವತ್ತರ ಆಸುಪಾಸು, ಹವಾಯಿ ಚಪ್ಪಲಿ ಹಾಕಿಕೊಂಡು ಊರೂರು ತಿರುಗುವ ಹೆಂಗಸು. ದೇಶಗಳು ಯಾಕೆ ಸೈನ್ಯ ಬೆಳೆಸುತ್ತವೆ, ಯಾಕೆ ಯುದ್ಧಕ್ಕೆ ಹೋಗುತ್ತವೆ ಎಂಬುದರ ಮೇಲೆ ಸಾಕ್ಷ್ಯಚಿತ್ರ ಮಾಡುತ್ತಿದ್ದಳು. ಹಿಂದೆ ದಂಡಿಗೆ ಕುದುರೆ ಸಾಕುತ್ತಿದ್ದ ಜಾಗವೆಂದು ಕುಣಿಗಲ್ಲಿನ ಕುದುರೆ ಫಾರಂ ನೋಡಿದಳು, ಗುಬ್ಬಿ ಕಡೆ ಹೆಲಿಕಾಪ್ಟರ್ ಕಾರ್ಖಾನೆಯ ಕಾಂಪೌಂಡನ್ನು ದೂರದಿಂದ ನೋಡಿದಳು, ಹುಲಿಯೂರುದುರ್ಗದ ಬೆಟ್ಟ ಹತ್ತಿದಳು. ನಮ್ಮ ಸುತ್ತಮುತ್ತ ಇಷ್ಟೊಂದು ಯುದ್ಧ ಇದೆ ಎಂದು ನನಗೆ ತಿಳಿದದ್ದೇ ಅವಳು ಬಂದ ಮೇಲೆ. ನಮ್ಮ ಸಹೋದ್ಯೋಗಿಯೊಬ್ಬರು ವಾಟ್ಸಾಪಿನಲ್ಲಿ ಹರಿಯಬಿಟ್ಟ ಕೋಲಾಟದ ವಿಡಿಯೋ ಹೇಗೋ ಅವಳ ಕೈಗೂ ಸಿಕ್ಕಿ, ನನ್ನ ಕ್ಲಾಸಿಗೆ ಕ್ಯಾಮೆರಾ ತಂದಳು. ಅವಳನ್ನು ಶಿವನಂಜನ ತಾಯಿ ಗೌರಮ್ಮನ ಮನೆಗೆ ಕರೆದುಕೊಂಡು ಹೋದವಳು ನಾನೇ.

ಗೌರಮ್ಮ ಮುದ್ದೆ, ಅವರೆಕಾಳಿನ ಸಾರು ಮಾಡಿ ಬಡಿಸಿ, ಆಮೇಲೆ ಕ್ಯಾಮೆರಾ ಮುಂದೆ ಚಾಪೆಯ ಮೇಲೆ ಕೂತಳು. ಅವಳ ಮಾತು ನನಗೆ ಅಕ್ಷರಕ್ಷರ ನೆನಪಿದೆ.

"ಆ ಕಡೆಯಿಂದ ಗುಂಡ್ ಹೊಡ್ದೋನ್ಗೂ ನನ್ ಮಗೀಗೂ ಏನ್ ಜಗಳ ಇತ್ತು? ಬದುವಿನ ಜಗಳನಾ, ನೀರಿನ ಜಗಳನಾ? ಯಾವ ಕಾರಣಕ್ಕೆ ಅಂತ ಬಲ್ಲೋರ್ ಯಾರಾದ್ರೂ ಹೇಳ್ಲಿ. ನಾನ್ ಅಳಾಕಿಲ್ಲ, ಕೇಳ್ಕತೀನಿ."

ಇದನ್ನು ಖಂಡಿತ ಹಾಕುತ್ತೇನೆ ಎಂದು ಎಲ್ಸ್ ಅವಳ ಕೈ ಹಿಡಿದು ಹೇಳಿದಳು. ಅದನ್ನು ಕನ್ನಡ ಮಾಡಿ ಹೇಳಿದವಳೂ ನಾನೇ. ಎರಡು ವರ್ಷದ ಮೇಲೆ ಚಿತ್ರ ಮುಗಿದು, ಅವಳ ಊರಿನ ಉತ್ಸವದಲ್ಲಿ ತೋರಿಸುತ್ತಾರೆ, ನೀವು ಬರಲೇಬೇಕು, ಕೋಲು ತನ್ನಿ ಎಂದು ಕರೆ ಬಂತು. ಹೊರಡುವ ವಾರ ಗೌರಮ್ಮನಿಗೆ ಹೇಳಿಬರಲು ಹೋದೆ. ಅಲ್ಲಿ ಬಲ್ಲವರೆಲ್ಲ ಸೇರುತ್ತಾರಂತೆ, ತನ್ನ ಮಾತು ಕೇಳಿ ಏನಂದರು ಎಂದು ತಿಳಿದುಕೊಂಡು ಬನ್ನಿ, ಮಿಠಾಯಿ ಗಿಠಾಯಿ ಏನೂ ಬೇಡ ಎಂದಳು. ಹೂಂ ಎಂದೆ. ನಮ್ಮ ಯಜಮಾನರು ಮಾತ್ರ, "ಯುದ್ಧ ನೋಡಕ್ಕೆ ಅಷ್ಟ್ ದೂರ ಯಾಕೆ ಹೋಗ್ತೀಯೆ, ಮನೇಲೇ ನಡೀತಾ ಇದೆಯಲ್ಲ" ಎಂದು ಕುಕ್ಕರಿನ ವಿಷಲ್ ಎಷ್ಟು ಕೂಗಿಸಬೇಕೆಂದು ಚೀಟಿಯಲ್ಲಿ ಬರೆಸಿಕೊಂಡರು.

ನಡುದಾರಿಯಲ್ಲಿ ಹುರಿಹಿಟ್ಟು

ವಿಮಾನ ಬದಲಿಸುವ ಊರಿನಲ್ಲಿ ನನ್ನ ಚೀಲವನ್ನು ಪಕ್ಕಕ್ಕೆ ಎಳೆದರು. ಕೋಲುಗಳು ದೊಡ್ಡ ಪೆಟ್ಟಿಗೆಯಲ್ಲಿ ಹೋಗಿದ್ದವು, ತಕರಾರು ಅದರದ್ದಲ್ಲ. ಕೈಚೀಲದಲ್ಲಿದ್ದ ರಾಗಿ ಹುರಿಹಿಟ್ಟಿನ ಡಬ್ಬಿ. ಕೈಗವಸು ಹಾಕಿದ ಹುಡುಗಿಯೊಬ್ಬಳು ಮುಚ್ಚಳ ತೆಗೆದು, ಬಟ್ಟೆಯ ತುಂಡಿನಿಂದ ಡಬ್ಬಿಯ ಅಂಚನ್ನು ಒರೆಸಿ, ಅದನ್ನು ಯಂತ್ರದೊಳಗಿಟ್ಟಳು. ಮದ್ದಿನ ಪುಡಿಯೋ ಏನೋ ಎಂದು ಪರೀಕ್ಷೆ. ಯಂತ್ರ ಯೋಚಿಸುತ್ತಾ ನಿಂತಿತು. ನಾನೂ ನಿಂತೆ. ನಮ್ಮ ಅತ್ತೆಯವರ ಕಾಲದಿಂದ ಹಸಿದ ಹೊಟ್ಟೆಗೆ ಹಾಕಿಕೊಂಡು ಬಂದ ಹಿಟ್ಟು ಅದು. ಅವಳು ಏನಿದು ಎಂದು ಕೇಳಿದಳು. ತಿನ್ನುವುದು ಎಂದೆ. ಹೇಗೆ ಎಂದಳು. ಚಿಟಿಕೆ ಬಾಯಿಗೆ ಹಾಕಿಕೊಂಡು ತೋರಿಸಿದೆ, ಒಣಹಿಟ್ಟು ಗಂಟಲಿಗೆ ಹತ್ತಿ ಕೆಮ್ಮು ಬಂದು ಕಣ್ಣಲ್ಲಿ ನೀರು ಸುರಿಯಿತು. ಅವಳ ಸಂಶಯ ಇನ್ನಷ್ಟು ಹೆಚ್ಚಾಯಿತು.

ಕೊನೆಗೂ ಬಿಟ್ಟರು. ನನ್ನ ಹಿಂದಿನ ಸಾಲಿನಲ್ಲಿ ಟೈ ಕಟ್ಟಿದವನೊಬ್ಬ ಯಾವ ತಡೆಯೂ ಇಲ್ಲದೆ ಹಾದುಹೋದ. ಅವನ ಚೀಲದ ಮೇಲೆ ಯಾವುದೋ ಶಸ್ತ್ರಾಸ್ತ್ರ ಪ್ರದರ್ಶನದ ಚೀಟಿ ನೇತಾಡುತ್ತಿತ್ತು. ರಾಗಿಹಿಟ್ಟು ತಂದವಳನ್ನು ನಿಲ್ಲಿಸಿ, ತೋಪು ಮಾರುವವನಿಗೆ ದಾರಿ ಬಿಡುತ್ತಾರೆ ಎಂದು ಮನಸ್ಸಿನಲ್ಲೇ ಬೈದುಕೊಂಡೆ. ನನಗೆ ಗೊತ್ತಿದ್ದ ಇಂಗ್ಲಿಷಿನಲ್ಲಿ ಬೈಗುಳಕ್ಕೆ ಮಾತು ಸಾಲದು.

ಯಾನ್ ಅವರ ಹೊಲ

ಎಲ್ಸ್ ನನ್ನನ್ನು ಇಳಿಸಿದ್ದು ಅವಳ ದೊಡ್ಡಪ್ಪನ ಮನೆಯಲ್ಲಿ. ಯಾನ್ ಎಂದು ಹೆಸರು, ಎಂಬತ್ತರ ಹತ್ತಿರದ ರೈತ, ಅರೆಬರೆ ಇಂಗ್ಲಿಷು. ಅವರದೂ ನನ್ನದೂ ಒಂದೇ ಮಟ್ಟದ್ದಾದ್ದರಿಂದ ಮಾತು ಚೆನ್ನಾಗಿ ಹೊಂದಿಕೊಂಡಿತು. ಬೆಳಿಗ್ಗೆ ಎದ್ದರೆ ಬ್ರೆಡ್ಡಿನ ಮೇಲೆ ಚಾಕೊಲೇಟಿನ ಚೂರು ಉದುರಿಸಿಕೊಂಡು ತಿನ್ನುತ್ತಾರೆ, ನಮ್ಮಲ್ಲಿ ಅದನ್ನು ಮಕ್ಕಳು ಮಾಡಿದರೆ ಬೆನ್ನಿಗೆ ಬೀಳುತ್ತದೆ. ರಾತ್ರಿಗೂ ತಣ್ಣನೆ ಬ್ರೆಡ್ಡು. ಬೂಟು ಹಾಕಿಕೊಂಡೇ ಮನೆಯೊಳಗೆ ಓಡಾಟ, ನಾಯಿಗೆ ಸೋಫಾ. ನಾನು ಲಿಂಗಪೂಜೆಗೆ ಒಂದು ಶುಚಿಯಾದ ಜಾಗ ಕೇಳಿದೆ. ಅವರು ಬಹಳ ಯೋಚಿಸಿ ಟೀವಿಯ ಪಕ್ಕದ ಮೇಜನ್ನು ಒರೆಸಿ ಕೊಟ್ಟು, ನಾನು ಪೂಜೆ ಮುಗಿಸುವ ತನಕ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು. ಒಳ್ಳೆಯ ಮನುಷ್ಯ. ಹುರಿಹಿಟ್ಟಿಗೆ ಮಜ್ಜಿಗೆ ಹಾಕಿ ಕಲಸಿ ಕೊಟ್ಟರೆ ರುಚಿ ನೋಡಿ, ಇದು ಕುದುರೆಗೆ ಬಹಳ ಒಳ್ಳೆಯದು ಎಂದರು. ನಾನು ಕುಣಿಗಲ್ ಕಡೆಯವಳು, ಕೋಪ ಮಾಡಿಕೊಳ್ಳಲಿಲ್ಲ.

ಮಾರನೇ ದಿನ ಹೊಲ ತೋರಿಸಲು ಕರೆದುಕೊಂಡು ಹೋದರು. ಬೀಟ್‌ರೂಟಿನ ಜಾತಿಯ ದಪ್ಪ ಗೆಡ್ಡೆ ಕಿತ್ತು ರಾಶಿ ಹಾಕಿದ್ದರು, ಅದರಿಂದ ಸಕ್ಕರೆ ಮಾಡುತ್ತಾರಂತೆ. ಹಸಿ ಹಸಿ ಕಪ್ಪು ಮಣ್ಣು, ಕಣ್ಣು ಹಾಯುವವರೆಗೆ ಸಪಾಟು. ರಸ್ತೆಯ ಪಕ್ಕದ ಲೈಟು ಕಂಬದ ಬುಡದಲ್ಲಿ ತುಕ್ಕು ಹಿಡಿದ ಕಬ್ಬಿಣದ ಎರಡು ತುಂಡುಗಳನ್ನು ಒರಗಿಸಿಟ್ಟಿದ್ದರು. ನಮ್ಮ ಮನೆಯ ಹಳೇ ಸೇರಿನಷ್ಟು ದಪ್ಪ, ಅದಕ್ಕಿಂತ ಉದ್ದ. ಏನೋ ಟ್ರ್ಯಾಕ್ಟರಿನ ಸಾಮಾನು ಎಂದು ಎತ್ತಿ ನೋಡಲು ಬಗ್ಗಿದೆ. ಆ ವಯಸ್ಸಿನ ಮನುಷ್ಯ ಅಷ್ಟು ಜೋರಾಗಿ ಕೂಗಬಲ್ಲರೆಂದು ನನಗೆ ಗೊತ್ತಿರಲಿಲ್ಲ. ನನ್ನ ಸೀರೆಯ ಸೆರಗು ಹಿಡಿದು ಹಿಂದಕ್ಕೆ ಎಳೆದರು.

ಅದು ತೋಪಿನ ಗುಂಡು. ನಾನು ಇಪ್ಪತ್ತಾರು ವರ್ಷ ಪಾಠ ಹೇಳಿ, ಕೋಲಾಟ ಆಡಿಸಿದ ಅದೇ ಯುದ್ಧದ್ದು. ನೂರು ವರ್ಷ ದಾಟಿದರೂ ಪ್ರತಿ ಸಲ ಉತ್ತಾಗ ನೆಲದಿಂದ ಎದ್ದು ಬರುತ್ತವಂತೆ. ಕೆಲವು ಸತ್ತಿರುತ್ತವೆ, ಕೆಲವು ಇನ್ನೂ ಜೀವಂತ. ರೈತರು ಹುಷಾರಾಗಿ ಎತ್ತಿ ಕಂಬದ ಬುಡದಲ್ಲಿಟ್ಟು ಫೋನು ಮಾಡುತ್ತಾರೆ, ಸೈನ್ಯದವರು ಗಾಡಿ ತಂದು ಒಯ್ಯುತ್ತಾರೆ. ನಮ್ಮ ಕೊತ್ತಗೆರೆಯ ಕಡೆ ಉತ್ತಾಗ ಎದ್ದ ಕಲ್ಲನ್ನು ಆಯ್ದು ಬದುವಿಗೆ ಹಾಕುವುದಿಲ್ಲವೇ, ಅಷ್ಟೇ ಸಲೀಸು. ಯಾನ್ ಅವರ ಅಣ್ಣನ ಎರಡು ಬೆರಳು ಹೀಗೇ ಹೋಗಿದ್ದವು. ಯಾವ ಕಡೆಯವರು ಹಾರಿಸಿದ ಗುಂಡು ಇದು ಎಂದು ಕೇಳಿದೆ. ಅದನ್ನು ಯಾರೂ ಕೇಳುವುದಿಲ್ಲ, ಎದ್ದು ಬಂತು, ಎತ್ತಿಡಬೇಕು ಎಂದರು.

ನನ್ನ ಪಾಠದಲ್ಲಿ ಆ ಯುದ್ಧ ಮುಗಿದ ಇಸವಿ ಇತ್ತು. ಒಂದು ಮಾರ್ಕಿನ ಪ್ರಶ್ನೆ ಅದು, ಯಾವ ಮಗುವೂ ತಪ್ಪು ಬರೆಯುತ್ತಿರಲಿಲ್ಲ. ಈಗ ಈ ಹೊಲದಲ್ಲಿ ನಿಂತು ನೋಡಿದರೆ ಮುಗಿದೇ ಇಲ್ಲ. ನನಗೆ ನಾಚಿಕೆಯಾಯಿತು.

ಚಿತ್ರಮಂದಿರ

ಮಧ್ಯಾಹ್ನದ ಆಟ. ಹಳೇ ಚರ್ಚನ್ನು ಸಿನಿಮಾ ಮಂದಿರ ಮಾಡಿದ್ದರು. ನಾನು ರೇಷ್ಮೆ ಸೀರೆ ಉಟ್ಟು, ಮೇಲೆ ಯಾನ್ ಅವರ ತೀರಿಹೋದ ಹೆಂಡತಿಯ ಕೋಟು ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತೆ.

ದೀಪ ಆರಿತು. ಮೊದಲು ಕತ್ತಲೆಯಲ್ಲಿ ಕೋಲಿನ ಸದ್ದು, ಆಮೇಲೆ ನನ್ನ ಕ್ಲಾಸು. ನನ್ನ ಮಕ್ಕಳು ಸುತ್ತು ಹಾಕುತ್ತಿದ್ದಾರೆ, ಒಬ್ಬಳ ಜಡೆಯ ರಿಬ್ಬನ್ ಬಿಚ್ಚಿದೆ, ಹಿಂದೆ ನಾನು ತಲೆ ಆಡಿಸುತ್ತಾ ನಿಂತಿದ್ದೇನೆ. ಕೆಳಗೆ ಅವರ ಭಾಷೆಯಲ್ಲಿ ಸಾಲು ಬಂತು. ಜನ ನಕ್ಕರು. ಕೆಟ್ಟ ನಗೆಯಲ್ಲ, ಮೆಚ್ಚಿದ ನಗೆ. ನಾನೂ ಉಬ್ಬಿದೆ. ಆಮೇಲೆ ಒಬ್ಬೊಬ್ಬರೇ ದೊಡ್ಡವರು ಬಂದರು. ಒಬ್ಬ ಪ್ರೊಫೆಸರು, ಒಬ್ಬ ನಿವೃತ್ತ ಸೇನಾಧಿಕಾರಿ, ಒಬ್ಬ ಬಂದೂಕು ಮಾರುವವನು, ಒಬ್ಬ ಹಳೇ ಮಂತ್ರಿ. ಒಪ್ಪಂದ, ನೆಲ, ಮದ್ದು, ಜಂಭ. ಒಂದೊಂದು ಕಾರಣಕ್ಕೂ ಮೊದಲು ನಮ್ಮ ಮಕ್ಕಳ ಕೋಲು ಒಮ್ಮೆ ಟಕ್ ಎನ್ನುತ್ತಿತ್ತು. ನಾನು ಹೇಳಿದ್ದನ್ನೇ ಅವರೆಲ್ಲ ದುಬಾರಿ ಕುರ್ಚಿಯಲ್ಲಿ ಕೂತು ಹೇಳುತ್ತಿದ್ದರು. ಯಾರೂ ತಪ್ಪು ಹೇಳಲಿಲ್ಲ. ಎಲ್ಲ ಕಾರಣವೂ ಸರಿ ಇತ್ತು, ಯಾವ ಕಾರಣದೊಳಗೂ ಒಬ್ಬ ಮನುಷ್ಯ ಇರಲಿಲ್ಲ. ನೆಲ ಆಸೆಪಟ್ಟಿತು, ಒಪ್ಪಂದ ಮುರಿಯಿತು, ಯುದ್ಧ ಸಿಡಿಯಿತು. ಮಳೆ ಬಂತು ಅನ್ನುವ ಹಾಗೆ.

ನಾನು ಗೌರಮ್ಮನಿಗಾಗಿ ಕಾಯುತ್ತಿದ್ದೆ. ಬಂದಳು. ಅವಳಲ್ಲ, ಅವಳ ಕೈ ಬಂತು. ಬಚ್ಚಲ ಕಲ್ಲಿನ ಮೇಲೆ ಮುದ್ದೆಯ ತಪ್ಪಲೆ ಉಜ್ಜುತ್ತಿರುವ ಎರಡು ಕೈ, ಹಿಂದೆ ಗೋಡೆಯ ಮೇಲೆ ಮಸುಕಾಗಿ ಶಿವನಂಜನ ಪಟ. ಅದರ ಮೇಲೆ ಪ್ರೊಫೆಸರರ ಮಾತು ಓಡುತ್ತಿತ್ತು. ನಾನು ಒಮ್ಮೆ ಉಸಿರೆಳೆದು ಬಿಡುವಷ್ಟರಲ್ಲಿ ಆ ಕೈ ಹೋಗಿ ಹೆಲಿಕಾಪ್ಟರ್ ಬಂತು. ಕೊನೆಯವರೆಗೂ ಕಾದೆ. ಮತ್ತೆ ಬರಲಿಲ್ಲ.

ಚಿತ್ರ ಮುಗಿದು ಎಲ್ಸ್ ನನ್ನನ್ನು ವೇದಿಕೆಗೆ ಕರೆದಳು. ದುಂಡು ಕನ್ನಡಕದ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: ನೀವು ಜೀವಮಾನವೆಲ್ಲ ಯುದ್ಧದ ಕಾರಣ ಹೇಳಿಕೊಟ್ಟವರು, ಅದರಲ್ಲಿ ನಿಜವಾದ ಕಾರಣ ಯಾವುದು ಎಂದು ನಿಮಗೆ ಅನ್ನಿಸುತ್ತದೆ?

ಮುಂದಿನ ಸಾಲಿನಲ್ಲಿ ಆ ಪ್ರೊಫೆಸರೇ ಕೂತಿದ್ದರು, ಆ ಹಳೇ ಮಂತ್ರಿಯೂ ಇದ್ದರು. ಗೌರಮ್ಮನ ಪ್ರಶ್ನೆಯನ್ನು ಅವರಿಗೆ ಕೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಯಾವ ಜನ್ಮಕ್ಕೂ ಸಿಗುತ್ತಿರಲಿಲ್ಲ. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಎಲ್ಸ್ ನಗುತ್ತಾ ನನ್ನ ಕೈಗೆ ಕೋಲು ಕೊಟ್ಟಳು. ಬಾಗಿಲಲ್ಲಿ ಜನಕ್ಕೂ ಕೋಲು ಹಂಚಿದ್ದರಂತೆ, ಎಲ್ಲರೂ ಎತ್ತಿ ಹಿಡಿದರು. ನಾನು ಒಂದು ಏಟು ಹಾಕಿದೆ. ಇನ್ನೂರು ಜನ ತಿರುಗಿ ಹಾಕಿದರು. ಅವರ ತಾಳ ತಪ್ಪಿತು, ನಾನು ತಿದ್ದಿದೆ. ಇಪ್ಪತ್ತಾರು ವರ್ಷದ ಚಟ, ತಪ್ಪು ಕಂಡರೆ ಕೈ ಸುಮ್ಮನಿರುವುದಿಲ್ಲ. ಗುಟ್ಟಿನ ಒಪ್ಪಂದ ಒಂದು, ಕೋಲೆ. ಚಿನ್ನದ ಕೂದಲಿನ ಮುದುಕಿಯರು, ಗಡ್ಡದ ಹುಡುಗರು, ಆ ಮಂತ್ರಿ, ಎಲ್ಲರೂ ಕೋಲೆ ಕೋಲೆ ಎಂದು ಕಾಲು ಹಾಕಿದರು. ನನಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ನನ್ನ ಮಂಡಿ ಕೂಡ ನೋಯಲಿಲ್ಲ. ಚಪ್ಪಾಳೆ ನಿಲ್ಲಲೇ ಇಲ್ಲ. ಫೋಟೋ ತೆಗೆಸಿಕೊಂಡೆ.

ಬೆವರು ಆರಿ, ಕೋಟು ಹಾಕಿಕೊಳ್ಳುವಾಗ ಗೌರಮ್ಮನ ಮಾತು ನೆನಪಾಯಿತು. ಪ್ರಶ್ನೆ ಕೇಳಿದ್ದ ಹುಡುಗಿ ಅಷ್ಟರಲ್ಲಿ ಹೊರಟುಹೋಗಿದ್ದಳು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರಲ್ಲ. ಅಷ್ಟು ದಿನ ನಾನು ಇಲಿಯ ಕಡೆಯವಳು ಎಂದುಕೊಂಡಿದ್ದೆ.

ಕಾಫಿಗೆ ಕೂತಾಗ ಎಲ್ಸಳನ್ನು ಕೇಳಿದೆ, ಗೌರಮ್ಮನ ಮಾತು ಎಲ್ಲಿ ಹೋಯಿತು ಎಂದು. ಅವಳು ತಲೆ ತಗ್ಗಿಸಲಿಲ್ಲ, ಬಚ್ಚಿಡಲೂ ಇಲ್ಲ. ತುಂಬ ಪ್ರಯತ್ನಪಟ್ಟೆ ಎಂದಳು. ಆ ಮಾತು ಹಾಕಿದರೆ ಜನ ಅಳುತ್ತಾರೆ, ಅತ್ತವರು ಯೋಚನೆ ಮಾಡುವುದಿಲ್ಲ, ತನ್ನ ಚಿತ್ರ ಕಾರಣಗಳ ಬಗ್ಗೆ ಎಂದಳು. ಆಮೇಲೆ, ನನಗೆ ಸಂತೋಷವಾಗುತ್ತದೆ ಎಂದುಕೊಂಡೇ ಇನ್ನೊಂದು ಮಾತು ಸೇರಿಸಿದಳು: ನಿಮ್ಮ ಕೋಲಾಟ ಸಿಕ್ಕಿದ ಮೇಲೆ ಅವಳ ಮಾತು ಬೇಕಾಗಲೇ ಇಲ್ಲ.

ನಾನು ಕಾಫಿ ಅಲ್ಲೇ ಬಿಟ್ಟು ಎದ್ದೆ. ಬಿಸಿನೀರಿಗೆ ಇದ್ದಿಲು ಕಲಸಿದ ಹಾಗಿದ್ದ ಕಾಫಿ ಅದು, ಬಿಟ್ಟಿದ್ದಕ್ಕೆ ದುಃಖವಿಲ್ಲ.

ಹೆಸರುಗಳ ಕಮಾನು

ಹೊರಡುವ ಹಿಂದಿನ ಸಂಜೆ ಯಾನ್ ಹತ್ತಿರದ ಪಟ್ಟಣಕ್ಕೆ ಕರೆದುಕೊಂಡು ಹೋದರು. ಅಲ್ಲಿ ರಸ್ತೆಗೆ ಅಡ್ಡಲಾಗಿ ಭಾರಿ ಕಲ್ಲಿನ ಕಮಾನು, ಅದರ ಗೋಡೆಯ ತುಂಬ ಸತ್ತ ಸೈನಿಕರ ಹೆಸರು. ಹೆಣ ಸಿಗದೆ ಹೋದವರ ಹೆಸರುಗಳಂತೆ. ದಿನವೂ ಸಂಜೆ ಗಾಡಿಗಳನ್ನು ನಿಲ್ಲಿಸಿ ಕಹಳೆ ಊದುತ್ತಾರೆ, ಜನ ಟೋಪಿ ತೆಗೆದು ನಿಲ್ಲುತ್ತಾರೆ. ನಾನೂ ನಿಂತೆ. ಒಂದು ಗೋಡೆಯಲ್ಲಿ ನಮ್ಮ ದೇಶದ ಹೆಸರುಗಳಿದ್ದವು. ಸಿಂಗ್‌ಗಳು, ಖಾನ್‌ಗಳು, ರಾಮ್‌ಗಳು. ಅವರಿಗೂ ಈ ಬೀಟ್‌ರೂಟಿನ ಹೊಲಕ್ಕೂ ಬದುವಿನ ಜಗಳ ಇರಲಿಲ್ಲ.

ನಾವು ಯಾರನ್ನೂ ಮರೆತಿಲ್ಲ ಎಂದು ಪಕ್ಕದಲ್ಲಿದ್ದ ಒಬ್ಬ ಹೆಂಗಸು ನನ್ನ ಸೀರೆ ನೋಡಿ ಪ್ರೀತಿಯಿಂದ ಹೇಳಿದಳು. ನಿಜ ಇರಬೇಕು. ನಮ್ಮಲ್ಲಿ ಶಿವನಂಜನ ಹೆಸರಿಗೆಂದು ಊರಬಾಗಿಲಿನ ಕಮಾನು ಶುರು ಮಾಡಿ, ಎರಡು ಕಂಬ ಎಬ್ಬಿಸಿ ಬಿಟ್ಟಿದ್ದಾರೆ. ಕಬ್ಬಿಣದ ಸರಳುಗಳು ಮೇಲೆದ್ದು ನಿಂತಿವೆ, ಒಂದಕ್ಕೆ ಎಮ್ಮೆ ಕಟ್ಟುತ್ತಾರೆ. ಅದನ್ನು ನೆನೆದು ಮೊದಲು ಹೊಟ್ಟೆಕಿಚ್ಚಾಯಿತು. ಆಮೇಲೆ ಗೋಡೆಯನ್ನು ಮತ್ತೆ ಮೇಲಿಂದ ಕೆಳಗೆ ಓದಿದೆ. ಇಷ್ಟು ದೊಡ್ಡ ಗೋಡೆ, ಇಷ್ಟು ಚೆಂದದ ಅಕ್ಷರ. ಹೋದವರ ಹೆಸರೆಲ್ಲ ಇದೆ. ಕಳಿಸಿದವರ ಹೆಸರು ಒಂದೂ ಇಲ್ಲ. ದಿನಾ ಕಹಳೆ ಊದಿ ನೆನೆಸಿಕೊಂಡಿದ್ದಾರೆ, ಊದುತ್ತಿರುವಾಗಲೇ ಮತ್ತೆಷ್ಟು ಯುದ್ಧ ಮಾಡಿದ್ದಾರೆ. ನನ್ನ ಬಾಯಿ ಕಹಿಯಾಯಿತು. ಚಾಕೊಲೇಟು ಕೊಳ್ಳಿ ಎಂದು ಯಾನ್ ಅಂಗಡಿ ತೋರಿಸಿದರು. ಮನೆಗೆ ಒಂದು ಡಬ್ಬಿ ಕೊಂಡೆ, ಗೌರಮ್ಮನಿಗೆ ಕೊಳ್ಳಲಿಲ್ಲ.

ಕೊತ್ತಗೆರೆ

ಬಂದ ನಾಲ್ಕನೇ ದಿನ ಕುಣಿಗಲ್ಲಿನಲ್ಲಿ ಬಸ್ಸು ಬದಲಿಸಿ ಕೊತ್ತಗೆರೆಯಲ್ಲಿ ಇಳಿದು ಅವಳ ಊರಿಗೆ ನಡೆದೆ. ಎರಡು ಕಂಬ ಹಾಗೇ ಇದ್ದವು, ಎಮ್ಮೆಯೂ ಇತ್ತು. ದಾರಿಯುದ್ದಕ್ಕೂ ಸುಳ್ಳು ಜೋಡಿಸಿಕೊಂಡು ಬಂದೆ. ನಿನ್ನ ಮಾತು ಕೇಳಿ ಎಲ್ಲರೂ ಕಣ್ಣೀರು ಹಾಕಿದರು ಅನ್ನಬಹುದಿತ್ತು. ಅವಳು ನಂಬುತ್ತಿದ್ದಳು. ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದವಳು ಮೊರ ಪಕ್ಕಕ್ಕಿಟ್ಟು, "ಬಂದ್ರಾ ಮೇಡಮ್ಮ? ಏನಂದ್ರು?" ಎಂದು ನೇರ ಕೇಳಿದಳು. ಸುಳ್ಳು ಬಾಯಿಗೆ ಬರಲಿಲ್ಲ.

"ನಿನ್ ಮಾತನ್ನ ಸಿನಿಮಾದಲ್ಲಿ ಹಾಕಿಲ್ಲ ಗೌರಮ್ಮ. ಕೇಳೋ ಸಮಯ ನನ್ಗೇ ಬಂದಿತ್ತು. ನಾನೂ ಕೇಳ್ಲಿಲ್ಲ. ಕೋಲಾಟ ಆಡ್ದೆ."

ಅವಳು ಎದ್ದು ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳುತ್ತಾಳೆ ಎಂದುಕೊಂಡೆ. ಒಂದು ಚೊಂಬು ಮಜ್ಜಿಗೆ ತಂದು ಇಟ್ಟಳು. ಇನ್ನೊಂದು ಕೈಯಲ್ಲಿ ಒಂದು ನೋಟ್‌ಬುಕ್ಕು. ಕಂದು ಬಣ್ಣದ ರಟ್ಟು, ಮೇಲೆ ಶಿವನಂಜನ ಸೊಟ್ಟ ಅಕ್ಷರದಲ್ಲಿ ಸಮಾಜ ವಿಜ್ಞಾನ ಎಂದಿತ್ತು. ಅವನ ಟ್ರಂಕಿನಲ್ಲಿ ಸಿಕ್ಕಿತಂತೆ. ಗುರುತಿಗೆಂದು ಬೇವಿನ ಕಡ್ಡಿ ಇಟ್ಟಿದ್ದ ಪುಟ ತೆಗೆದು ನನ್ನ ಮುಂದೆ ಹಿಡಿದಳು.

"ಇದು ನಂದೇ ಹೆಬ್ಬೆಟ್ಟು. ಅವತ್ತು ಒತ್ತಿಸ್ಕಂಡ್ ಹೋದ. ಮೇಲ್ಗಡೆ ಕೆಂಪಿಂಕ್ನಲ್ಲಿ ನೀವೇನ್ ಬರ್ದಿದೀರಿ ಅಂತ ಕೇಳ್ದೆ, ಚೆನ್ನಾಗ್ ಬರ್ದಿದೀಯ ಅಂತ ಬರ್ದವ್ರೆ ಕಣವ್ವ ಅಂದ. ನಂಗೆ ಓದಾಕ್ ಬರಾಕಿಲ್ಲ. ಏನೈತೆ ಅದ್ರಲ್ಲಿ?"

ಪುಟದಲ್ಲಿ ನಾಲ್ಕು ಕಾರಣ ಇದ್ದವು, ಹಾಡಿನ ಕ್ರಮದಲ್ಲೇ. ಕೆಳಗೆ ಒಂದಷ್ಟು ಗೆರೆ ಖಾಲಿ, ಆಮೇಲೆ ಬರೆಯಲೆಂದು ನಾನು ಗೀಟು ಎಳೆಯದೆ ಬಿಟ್ಟದ್ದು. ಅಂಚಿನಲ್ಲಿ ನನ್ನ ಕೆಂಪು ಅಕ್ಷರ, ಅದರ ಕೆಳಗೆ ನೀಲಿ ಹೆಬ್ಬೆಟ್ಟು. ಓದಿ ಹೇಳಿದೆ. ‘ತಕ್ಷಣದ ಕಾರಣ ಎಲ್ಲಿ? ಬರೆದು, ಮನೆ ಹಿರಿಯರ ಸಹಿ ಮಾಡಿಸಿಕೊಂಡು ಬಾ.’

ತಕ್ಷಣದ ಕಾರಣ ಎಂದರೇನು ಎಂದು ಕೇಳಿದಳು. ಮಿಕ್ಕ ಕಾರಣಗಳೆಲ್ಲ ಎಷ್ಟೋ ವರ್ಷದಿಂದ ಇದ್ದೇ ಇರುತ್ತವೆ, ಇದು ಮಾತ್ರ ಇಲ್ಲದಿದ್ದರೆ ಅವತ್ತು ಆಗುತ್ತಿರಲಿಲ್ಲ ಎನ್ನುವಂಥದ್ದು ಎಂದೆ. ಮಕ್ಕಳಿಗೆ ಹೇಳುತ್ತಿದ್ದ ಮಾತೇ. ಅವಳು ಸ್ವಲ್ಪ ಹೊತ್ತು ಹೆಬ್ಬೆಟ್ಟನ್ನು ನೋಡಿದಳು.

"ಅವ್ನು ಬರೀನೇ ಇಲ್ವಲ್ಲ. ನೀವೇ ಬರ್ದ್‌ಬುಡಿ."

ಅವಳು ವ್ಯಂಗ್ಯವಾಡುವ ಹೆಂಗಸಲ್ಲ. ಬಾಕಿ ಇದ್ದ ಕೆಲಸ ಮುಗಿಸಿ ಎನ್ನುವ ಹಾಗೆ ಅಂದಳು. ನಿವೃತ್ತಳಾದರೂ ನನ್ನ ಚೀಲದಲ್ಲಿ ಕೆಂಪು ಪೆನ್ನು ಇರುತ್ತದೆ. ತೆಗೆದೆ. ಎಷ್ಟೋ ವರ್ಷದಿಂದ ಎದೆಯಲ್ಲಿದ್ದ ಮುಳ್ಳು ಅದು. ತಕ್ಷಣದ ಕಾರಣ ಎಂದು ಬರೆದು, ಮುಂದೆ ನನ್ನ ಹೆಸರು ಬರೆದೆ. ಅವಳಿಗೆ ಓದಿ ಹೇಳಿದೆ. ಆ ನಾಲ್ಕು ಮಾರ್ಕು, ಆ ಮೈಸೂರುಪಾಕು, ಆ ಪಾಸು, ಎಲ್ಲ ಹೇಳಿದೆ. ನಾನು ಅಳಬಾರದು ಎಂದುಕೊಂಡಿದ್ದೆ, ಅತ್ತೆ.

ಗೌರಮ್ಮ ಅಳಲಿಲ್ಲ. ಮೊರದಲ್ಲಿದ್ದ ಅವರೆಕಾಳನ್ನು ಕೈಯಲ್ಲಿ ಸವರುತ್ತಾ ಮೆಲ್ಲಗೆ ಹೇಳಿದಳು.

"ಅದ್ರ ಕೆಳ್ಗೆ ನಂದೂ ಬರೀರಿ. ಕ್ಯಾಮ್ರಾ ಮುಂದೆ ನಾನ್ ಇದ್ನ ಹೇಳ್ನಿಲ್ಲ. ಕೊನೇ ರಜಕ್ಕೆ ಬಂದಾಗ ವಾಪಸ್ ಹೋಗಾಕಿಲ್ಲ ಕಣವ್ವ ಅಂದ. ಊರೋರ್ ಏನಂದಾರು, ಹೋಗ್ಲಾ ಅಂತ ಬ್ಯಾಗ್ ತುಂಬಿ ಕೊಟ್ಟೋಳು ನಾನು."

ಬೇಡ ಎನ್ನಲು ನನಗೆ ಯಾವ ಹಕ್ಕೂ ಇರಲಿಲ್ಲ. ಗೌರಮ್ಮ ಎಂದು ಬರೆದೆ. ಹೆಬ್ಬೆಟ್ಟು ಮೊದಲೇ ಬಿದ್ದಿತ್ತು.

"ಅಷ್ಟೇನಾ? ಮಿಕ್ಕೋರ್ ಹೆಸ್ರು?"

ಗೊತ್ತಿಲ್ಲ ಎಂದೆ. ಅಷ್ಟು ದೂರ ಹೋಗಿ ಬಂದೆ, ಅವರ ಜೊತೆಯಲ್ಲೇ ಕೋಲು ಹಾಕಿದೆ, ಆದರೂ ಗೊತ್ತಿಲ್ಲ. ಹಾಗಾದರೆ ಜಾಗ ಬಿಟ್ಟಿರಿ ಎಂದು ಅವಳು ಮತ್ತೆ ಮೊರ ಎಳೆದುಕೊಂಡಳು.

ಆ ಪುಟದಲ್ಲಿ ಈಗ ಎರಡು ಹೆಸರಿವೆ. ಯುದ್ಧಕ್ಕೆ ಕಾರಣ ಯಾರು ಎಂದು ಕೇಳಿದಾಗ ತಾವಾಗಿ ಹೆಸರು ಬರೆಸಿದವರು ನನಗೆ ತಿಳಿದಂತೆ ನಾವಿಬ್ಬರೇ, ಒಬ್ಬಳು ಮೇಡಮ್ಮು, ಒಬ್ಬಳು ಹೆಬ್ಬೆಟ್ಟಿನವಳು. ಕೆಳಗೆ ಇನ್ನೂ ಏಳೆಂಟು ಗೆರೆ ಖಾಲಿ ಇದ್ದವು. ಕೈ ಅಭ್ಯಾಸಬಲದಿಂದ ಕೆಂಪು ಗೀಟು ಎಳೆಯಲು ಹೋಯಿತು. ತಡೆದುಕೊಂಡು, ಪೆನ್ನಿಗೆ ಮುಚ್ಚಳ ಹಾಕಿದೆ.